ಹನ್ನೊಂದನೆಯ ಕಾರ್ಡು

ಅಂದುಂಞಿಯ ಗುಜರಿ ಅಂಗಡಿಯಲ್ಲಿ
ಹಳೆ ಕಾಗದ ಕಿಲೋಗೆ ಹದಿನಾಲ್ಕು.
ನನಗೆ ಮಾತ್ರ ಬಿಡಿ ಲೆಕ್ಕ:
ನರಿ ಇದ್ದರೆ ಹತ್ತು, ಕರಡಿ ಇದ್ದರೆ ಇಪ್ಪತ್ತು.
ಕರಡಿಗೆ ಯಾಕೆ ಜಾಸ್ತಿ ಎಂದರೆ
"ತೂಕ ಉಂಟಲ್ಲ ಅಕ್ಕ" ಎನ್ನುತ್ತಾನೆ,
ಉಪ್ಪಳದ ಬಿಸಿಲಿಗೆ ಒಂದು ಕಣ್ಣು ಮುಚ್ಚಿ.

ಹೀಗೆ ಒಂದೊಂದಾಗಿ
ಕರೆಂಟು ಬಿಲ್ಲುಗಳ ನಡುವಿನಿಂದ,
ತೀರಿಹೋದ ಕಾಮ್ರೇಡುಗಳ ಕಪಾಟಿನಿಂದ,
ಕುಂಬಳೆಯ ಮುಚ್ಚಿದ ವಾಚನಾಲಯದ ಗೋಣಿಯಿಂದ
ಬಂದವು ನನ್ನ ಪ್ರಾಣಿಗಳು:
ಬೂಟು ಹಾಕಿದ ತೋಳ,
ಅಣಬೆ ಮಾರುವ ಮುಳ್ಳುಹಂದಿ,
ತಕ್ಕಡಿ ಹಿಡಿದು ಜೇನು ತೂಗುವ ಕರಡಿ.
ಹಿಂಬದಿ ಇರುವೆ ಸಾಲಿನಂಥ ರಷ್ಯದ ಅಕ್ಷರ,
ಮೂಲೆಯಲ್ಲಿ ನಂಬ್ರ, ಬೆಲೆ ನಾಲ್ಕು ಕೊಪೆಕ್.
ಹದಿನಾರರ ಕಟ್ಟು. ಹದಿನೈದು ಸಿಕ್ಕಿವೆ.
ಹನ್ನೊಂದು ಇಲ್ಲ.

ಹನ್ನೊಂದು ಆವತ್ತೂ ಇರಲಿಲ್ಲ.

ಆವತ್ತು ಅಂದರೆ ಬಂದ್ಯೋಡಿನ ಬೀಡಿ ಬ್ರಾಂಚು,
ನಲವತ್ತು ತಡ್ಪೆ, ನಲವತ್ತು ಮಡಿಲು,
ನೆನೆದ ಎಲೆಯ ವಾಸನೆ.
ನಾನು ಬೀಡಿಯ ಬಾಯಿ ಮಡಚುವ ಹುಡುಗಿ.
ಚಿಂಡನ್ ಮಾಷ್
(ಮಾಷ್ ಏನಲ್ಲ, ಅವನೂ ಸುತ್ತುವವನೇ,
ಕನ್ನಡಕ ಇತ್ತೆಂದು ಆ ಹೆಸರು)
ಬೆಳಿಗ್ಗೆ ನಮಗೆ ಪೇಪರು ಓದುತ್ತಿದ್ದ.
ಅವನ ಪಾಲಿನ ಬೀಡಿ ನಾವು ಹಂಚಿಕೊಂಡು ಸುತ್ತುತ್ತಿದ್ದೆವು.
ಪುಸ್ತಕದ ವ್ಯಾನು ಬಂದ ವರ್ಷ
ಒಂದು ಕಾರ್ಡು ಕಮ್ಮಿ ಎಂದು
ಅರ್ಧ ಬೆಲೆಗೆ ತಂದ ಈ ಕಟ್ಟು.

ರಷ್ಯನ್ ಅವನಿಗೂ ಬಾರದು.
ಗಂಜಿ ಉಂಡ ಮೇಲೆ, ಚಿತ್ರ ನೋಡಿಯೇ ಕತೆ.
ನರಿಗೆ ಮಲಯಾಳ, ಮೊಲಕ್ಕೆ ತುಳು,
ಕರಡಿಗೆ, ನಮ್ಮ ಕಂಟ್ರಾಕ್ಟರನ ಹಾಗೆ, ಮಂಗಳೂರು ಕನ್ನಡ:
"ಇದು ಸಪೂರ, ಇದು ದಪ್ಪ, ಐದು ಕಟ್ಟು ರಿಜೆಕ್ಟು!"
"ನೋಡಿ, ತೂಗುವಾಗ ಹೆಬ್ಬೆರಳು ಕಾಣುವುದಿಲ್ಲ.
ಯಾಕೆ ಕಾಣುವುದಿಲ್ಲ?"
ನಲವತ್ತು ಕತ್ತರಿ ನಿಲ್ಲುತ್ತಿದ್ದವು.

ಹತ್ತಾದ ಮೇಲೆ ಬರಿಗೈ ಎತ್ತುತ್ತಿದ್ದ.
"ಇದು ಹನ್ನೊಂದು. ಹಿಮ ಬಿದ್ದಿದೆ,
ಅದಕ್ಕೇ ಏನೂ ಕಾಣುವುದಿಲ್ಲ."
ಹಿಮ ಅಂದರೇನು ಎಂದು ಯಾರೋ ಕೇಳಿದರು.
ಹತ್ತಿ ಕೊಡವಿದ ಹಾಗೆ ಎಂದ,
ಮತ್ತೊಂದು ದಿನ, ಉಪ್ಪಿನ ಹಾಗೆ.
ಆ ಹಿಮದೊಳಗೆ ದಿನಕ್ಕೊಂದು ಪ್ರಾಣಿ.
ಕೂಲಿ ಕಡಿದ ವಾರ ಹುಲಿ, ವಾರವಿಡೀ ಹುಲಿ.
ಚೋಮುವಕ್ಕನ ಮಗು ತೀರಿದ ಮರುದಿನ
ಹನ್ನೊಂದರಲ್ಲಿ ಯಾರೂ ಇರಲಿಲ್ಲ.
ಹೊಗೆಸೊಪ್ಪಿಗೆ ಹಳದಿಯಾದ ಅಂಗೈಯನ್ನು
ಒಂದು ಸುತ್ತು ಎಲ್ಲರಿಗೂ ತೋರಿಸಿ
ಹನ್ನೆರಡಕ್ಕೆ ಹೋದ.

ಈಗ ನಾನು ಕೆಮ್ಮಿಗೆ ಹೋಗುವ ಕ್ಲಿನಿಕ್ಕಿನ
ಡಾಕ್ಟರ್ ನಶೀದಾ ರಷ್ಯದಲ್ಲಿ ಕಲಿತವಳು.
ಎದೆಗೆ ಕೊಳವೆ ಇಟ್ಟು, "ಬೀಡಿ ಎಷ್ಟು ವರ್ಷ?"
"ಸೇದಲಿಲ್ಲ ಮಗಾ, ಸುತ್ತಿದ್ದು. ಮೂವತ್ತೊಂದು."
ಚೀಲದಿಂದ ಕಾರ್ಡುಗಳನ್ನು ತೆಗೆದೆ.
ಹೊರಗೆ ಟೋಕನ್ ಹಿಡಿದವರನ್ನು ಮರೆತು
ಬೆರಳಿಟ್ಟು ಓದಿದಳು, ಮಕ್ಕಳ ಹಾಗೆ:
ಕರಡಿ ಪ್ರಾಮಾಣಿಕ ವ್ಯಾಪಾರಿಯಂತೆ,
ಮೋಸ ಮಾಡಿದ್ದು ಜೇನು ಕೊಳ್ಳಲು ಬಂದ ಇಲಿಯಂತೆ,
ದೊಡ್ಡವರನ್ನು ಸುಮ್ಮಸುಮ್ಮನೆ ಸಂಶಯಿಸಬಾರದು ಎಂಬುದು
ನೀತಿಯಂತೆ.

ನಕ್ಕೆ. ನಗು ಕೆಮ್ಮಾಯಿತು.
ಚಿಂಡನ್ ಮಾಷ್ ಇದ್ದಿದ್ದರೆ ಕನ್ನಡಕ ಒರೆಸಿಕೊಂಡು
ಇಷ್ಟೇ ಅನ್ನುತ್ತಿದ್ದ:
"ಹಿಂಬದಿಯದ್ದು ಬರೆದವನು ಕರಡಿಯೇ."

ಹೋದ ಮಂಗಳವಾರ ಅಂದುಂಞಿಯ ಫೋನು.
"ಅಕ್ಕ, ಒಂದರ ಪಕ್ಕ ಒಂದು ಇರುವುದು ಬಂದಿದೆ.
ಒಳಗೆ ಯಾರಿದ್ದಾರೆ, ಹೇಳಲಾ?"
ಬೇಡ ಎಂದೆ.
"ಪ್ರಾಣಿ ಹೇಳದೆ ರೇಟು ಹಾಕುವುದು ಹೇಗೆ?"
ಕರಡಿಯ ರೇಟೇ ಹಾಕು, ಲಕೋಟೆಗೆ ಅಂಟು ಬಳಿದಿಡು ಎಂದೆ.

ಇವತ್ತು ಶುಕ್ರವಾರ, ಮಧ್ಯಾಹ್ನ ಅವನ ಅಂಗಡಿ ಇಲ್ಲ.
ನಾಳೆ ಹೋಗಬೇಕು.
ನಿನ್ನೆಯೂ ಹೀಗೇ ಅಂದಿದ್ದೆ.